‘ಕೈ’ ಎಂಬ ಕಾಲಂ

ಅಣ್ಣಾ ನಗರದ ನಮ್ಮ ಮನೆಯ ತಾರಸಿಯಲ್ಲಿ ಪ್ರತಿ ಬೆಳಿಗ್ಗೆ ಏನಾದರೊಂದು ಅರಳುತ್ತಿತ್ತು, ಸಂಜೆಯ ಹೊತ್ತಿಗೆ ಅದು ಸತ್ತಿರುತ್ತಿತ್ತು. ಡೇ ಲಿಲಿಯ ಸ್ವಭಾವವೇ ಅಂಥದ್ದು. ಒಂದು ಹೂವಿಗೆ ಒಂದು ಹಗಲು, ಅಷ್ಟೇ. ಆ ತಮಿಳು ಊರಿನ ಬಿಸಿಲು ಅದಕ್ಕೆ ಅಷ್ಟನ್ನೂ ಕೊಡುತ್ತಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ದಳದ ಅಂಚು ಸುರುಟಿಕೊಂಡು, ಮಧ್ಯಾಹ್ನಕ್ಕೆ ಇಡೀ ಹೂವು ಒದ್ದೆ ಕಾಗದದಂತೆ ಮುದುಡಿ ಜೋತುಬೀಳುತ್ತಿತ್ತು. ಬಾಲ್ಯದ ಮನೆ ಎಂದೊಡನೆ ಬಹಳ ಜನರಿಗೆ ನೆಮ್ಮದಿಯ ವಾಸನೆಯೊಂದು ನೆನಪಾಗುತ್ತದೆಯಂತೆ. ನನಗೆ ನೆನಪಾಗುವುದು ಆ ಬಾಡಿದ ಹೂಗಳ ಸಿಹಿ ಮಿಶ್ರಿತ ಕೊಳೆತ ವಾಸನೆ, ಹಸಿರು ನೆರಳುಬಲೆಯ ಕೆಳಗೆ ಸಾಲಾಗಿ ನಿಂತ ಕುಂಡಗಳು, ಮತ್ತು ಭಾನುವಾರಗಳಂದು ಅಪ್ಪ ಅವುಗಳ ನಡುವೆ ನಡೆಯುವಾಗ ಮನೆಯಲ್ಲಿ ಆವರಿಸುತ್ತಿದ್ದ ಮೌನ. ಭಾನುವಾರ ಆಯ್ಕೆಯ ದಿನ. ಮೊದಲ ಬಾರಿಗೆ ಹೂ ಬಿಟ್ಟ ಸಸಿಗಳ ಮುಂದೆ ಅಪ್ಪ ಒಂದೊಂದಾಗಿ ನಿಲ್ಲುತ್ತಿದ್ದರು. ತಲೆಯಾಡಿಸಿದರೆ ಆ ಸಸಿಗೆ ಬದುಕು, "ಬೇಡ" ಎಂದರೆ ಬೇರುಸಹಿತ ಕಿತ್ತು ಬುಟ್ಟಿಗೆ. ಎರಡು ವರ್ಷ ನೀರುಂಡು ಬೆಳೆದ ಗಿಡವನ್ನು ಅವರು ಎರಡು ಕ್ಷಣದಲ್ಲಿ ತೀರ್ಮಾನಿಸುತ್ತಿದ್ದರು. ಅಪ್ಪ ವಿಮಾ ಕಂಪನಿಯೊಂದರಲ್ಲಿ ಅಧಿಕಾರಿ. ಯಾರಿಗೆ ಪಾಲಿಸಿ ಕೊಡಬಹುದು, ಯಾರಿಗೆ ಕೊಡಬಾರದು ಎಂದು ನಿರ್ಧರಿಸುವುದೇ ಅವರ ವೃತ್ತಿ. ಆ ಅಭ್ಯಾಸವನ್ನು ಅವರು ಆಫೀಸಿನಲ್ಲಿ ಬಿಟ್ಟು ಬರುತ್ತಿರಲಿಲ್ಲ.

ಅವರಿಗೆ ಬೇಕಿದ್ದದ್ದು ಬಿಳಿ ಹೂ. ಬಿಳಿ ಡೇ ಲಿಲಿ ಎಂದು ಹೇಳಿಕೊಳ್ಳುವುದೆಲ್ಲ ನಿಜದಲ್ಲಿ ಕೆನೆ ಬಣ್ಣದ್ದೋ ತಿಳಿ ಹಳದಿಯದೋ ಆಗಿರುತ್ತದೆ. ಏರ್ಕಾಡಿನ ಸಹೋದ್ಯೋಗಿಯೊಬ್ಬರು ಕೊಟ್ಟ ನಾಲ್ಕು ಗೆಡ್ಡೆಗಳಿಂದ ಹೊರಟ ಅಪ್ಪ, ತಲೆಮಾರಿನಿಂದ ತಲೆಮಾರಿಗೆ ಆ ಹಳದಿಯನ್ನು ತೊಳೆದು ಹಾಕಲು ಹೊರಟಿದ್ದರು. ಕೆಲಸ ಸೂಕ್ಷ್ಮ, ಆದರೆ ಕಷ್ಟದ್ದಲ್ಲ. ಬೆಳಿಗ್ಗೆ ಹೂ ಅರಳಿ ಇಬ್ಬನಿ ಆರಿದ ಮೇಲೆ ಗಂಡಾಗಿ ಆರಿಸಿದ ಹೂವಿನ ಒಂದು ಕೇಸರವನ್ನು ಚಿಮುಟದಿಂದ ಕಿತ್ತು, ಅದರ ತುದಿಯ ಹಳದಿ ಪುಡಿಯನ್ನು ಹೆಣ್ಣಾಗಿ ಆರಿಸಿದ ಹೂವಿನ ನಡುವಿನಿಂದ ಚಾಚಿದ ಉದ್ದನೆಯ ನಾಳದ, ಅಂದರೆ ಶಲಾಕೆಯ, ತುದಿಗೆ ಮೃದುವಾಗಿ ಒತ್ತಬೇಕು. ನಂತರ ಹೂವಿನ ತೊಟ್ಟಿಗೆ ದಾರ ಕಟ್ಟಿ, ಹಳೆಯ ಮದುವೆ ಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಚೀಟಿಯಲ್ಲಿ ಎರಡೂ ಗಿಡಗಳ ಸಂಖ್ಯೆ ಬರೆದು ನೇತುಹಾಕಬೇಕು. ಇದನ್ನೆಲ್ಲ ಬಿಸಿಲು ಏರುವ ಮೊದಲೇ ಮುಗಿಸಬೇಕು; ತಡವಾದರೆ ಆ ದಿನ ಹೋಯಿತು, ಹೂವೂ ಹೋಯಿತು. ಅಪ್ಪನ ಬೆರಳುಗಳು ದಪ್ಪ, ಶಲಾಕೆಯನ್ನು ಎಷ್ಟೋ ಸಲ ಮುರಿದಿದ್ದವು. ಹೀಗಾಗಿ ಆ ಕೆಲಸ ನನಗೂ, ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ದೈವಾನೈಗೂ ಬಂತು. ಸಂಜೆ ಅಪ್ಪ ದಾರಗಳನ್ನು ನೋಡುತ್ತಾ ಹೋಗಿ ನೋಟುಪುಸ್ತಕದಲ್ಲಿ ದಾಖಲಿಸುತ್ತಿದ್ದರು: ತಾಯಿ, ತಂದೆ, ದಿನ, ಹವೆ, ಕೊನೆಯಲ್ಲಿ ‘ಕೈ’ ಎಂಬ ಕಾಲಂ. ಯಾರ ಕೈಯಲ್ಲಿ ಎಷ್ಟು ಕಾಯಿ ನಿಲ್ಲುತ್ತದೆ ಎಂಬುದೂ ಅವರಿಗೆ ತಿಳಿಯಬೇಕಿತ್ತು. ರಂಜನಿಯಾದ ನನಗೆ ‘ರಂ’, ದೈವಾನೈಗೆ ‘ದೈ’.

ದೈವಾನೈ ತಿರುವೊಟ್ಟಿಯೂರಿನ ಮೀನುಗಾರರ ಮನೆಯವಳು, ಮದುವೆಯಾಗಿ ನಮ್ಮ ಕಡೆಯ ಕಾಲುವೆ ದಂಡೆಗೆ ಬಂದವಳು. ಆಗ ಅವಳಿಗೆ ನಲವತ್ತು ದಾಟಿತ್ತು. ಆರು ವರ್ಷ ನಮ್ಮ ಮನೆಯಲ್ಲಿ ಕೆಲಸ ಮಾಡಿ, ಅಜ್ಜಿಯ ಬೈಗುಳದಿಂದಲೇ ಕನ್ನಡ ಕಲಿತಿದ್ದಳು. ಕನ್ನಡ ಅರ್ಥವಾದರೂ ತಮಿಳಿನಲ್ಲೇ ಉತ್ತರಿಸುತ್ತಿದ್ದ ನನಗೆ ಅವಳೇ ಕನ್ನಡದಲ್ಲಿ ಉತ್ತರಿಸುತ್ತಿದ್ದದ್ದು ಮನೆಯ ದೊಡ್ಡ ನಗೆಚಾಟಿಕೆ. ಅಪ್ಪನ ಬಿಳಿ ಹೂವಿನ ಹುಚ್ಚನ್ನು ಅವಳು ಒಪ್ಪಿಕೊಂಡಿದ್ದಳು, ಆದರೆ ಗೌರವಿಸುತ್ತಿರಲಿಲ್ಲ.

"ಸಾರ್ ಹೂವಿಗೆ ಕಲ್ಯಾಣ ಮಾಡಿಸ್ತಾರೆ, ಜಾತಕ ಬರೀತಾರೆ, ಪತ್ರಿಕೆ ಕೂಡ ಕಟ್ತಾರೆ," ಎನ್ನುತ್ತಿದ್ದಳು. "ಸಾಪ್ಪಾಡು ಮಾತ್ರ ಹಾಕೋಲ್ಲ, ಊಟಾನೇ ಇಲ್ಲ. ಇದೇನು ಕಲ್ಯಾಣ, ಪಾಪ್ಪಾ?" ಮಗುವನ್ನು ಕರೆಯುವಂತೆ ಅವಳು ನನ್ನನ್ನು ಪಾಪ್ಪಾ ಎಂದೇ ಕರೆಯುತ್ತಿದ್ದಳು.

ನನ್ನ ಶಾಲೆಯ ಬಗ್ಗೆ ಇಲ್ಲಿ ಹೇಳಬೇಕು, ಏಕೆಂದರೆ ನನ್ನ ಅಪರಾಧಕ್ಕೆ ಅಜ್ಞಾನದ ರಿಯಾಯಿತಿ ಸಿಗಬಾರದು. ಅಲ್ಲಿ ಪರೀಕ್ಷೆ ಇರಲಿಲ್ಲ, ಸಮವಸ್ತ್ರ ಇರಲಿಲ್ಲ. ಶಿಕ್ಷಕರನ್ನು ಅಕ್ಕ, ಅಣ್ಣ ಎಂದು ಕರೆಯುತ್ತಿದ್ದೆವು. ಯಾವುದೇ ನಿಯಮ ಎದುರಾದರೂ ಇದರಿಂದ ಲಾಭ ಯಾರಿಗೆ, ನೋವು ಯಾರಿಗೆ ಎಂದು ಕೇಳಬೇಕೆಂದು ನಮಗೆ ಹತ್ತನೆಯ ವಯಸ್ಸಿನಲ್ಲೇ ಕಲಿಸಿದ್ದರು. ಹದಿಮೂರನೆಯ ವಯಸ್ಸಿನಲ್ಲಿ ನಾನು ಮೈನೆರೆದಾಗ ಆ ಪ್ರಶ್ನೆ ನನ್ನಲ್ಲಿತ್ತು, ಉತ್ತರವೂ ಇತ್ತು. ಆದರೂ ತಾರಸಿಗೆ ಹೋಗುವ ಮೆಟ್ಟಿಲಿನ ಕೆಳಗೆ, ಚಾಪೆ ಮತ್ತು ಪ್ರತ್ಯೇಕ ಸ್ಟೀಲ್ ಲೋಟವಿದ್ದ ಮೂಲೆಯಲ್ಲಿ, ತಿಂಗಳಿಗೆ ಮೂರು ದಿನ ‘ದೂರ’ ಹೋಗಿ ಕೂತೆ. ಅಮ್ಮ ಬ್ಯಾಂಕಿನಲ್ಲಿ ಎಲ್ಲರ ಪಾಸ್‌ಪುಸ್ತಕಗಳನ್ನೂ ಎಲ್ಲ ದಿನವೂ ಮುಟ್ಟುತ್ತಿದ್ದಳು. ತನ್ನ ಮೂರು ದಿನಗಳಲ್ಲಿ ಸಂಜೆ ಮನೆಗೆ ಬಂದು ಅದೇ ಮೂಲೆಯಲ್ಲಿ ಕೂರುತ್ತಿದ್ದಳು. ನನ್ನ ತಟ್ಟೆಯನ್ನು ಕಾಲಳತೆ ದೂರದಿಂದ ತಳ್ಳುವಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ.

"ಅಜ್ಜಿ ಇರೋ ತನಕ ಕಣೇ," ಎನ್ನುತ್ತಿದ್ದಳು. "ಆಮೇಲೆ ನೋಡೋಣ."

ಇದು ಅಸ್ಪೃಶ್ಯತೆ. ಸ್ವಂತ ಮಗಳ ಮೇಲೆ, ಸ್ವಂತ ಸೊಸೆಯ ಮೇಲೆ ಆಚರಿಸಿದಾಗಲೂ ಅದರ ಹೆಸರು ಅದೇ. ಅದಕ್ಕೆ ಮೃದುವಾದ ಬೇರೆ ಹೆಸರು ಹುಡುಕುವುದು ಎರಡನೆಯ ತಪ್ಪು. ಆ ಮೂರು ದಿನ ನನಗೆ ತಾರಸಿ ನಿಷಿದ್ಧ. ಮುಟ್ಟಾದವಳು ಮುಟ್ಟಿದ ಗಿಡ ಕರಟುತ್ತದೆ, ಆ ಕೇಡು ಮನೆಯ ಗಂಡಸಿನವರೆಗೂ ನಡೆದು ಬರುತ್ತದೆ ಎಂದು ಅಜ್ಜಿ ನಂಬಿದ್ದರು. ಅವರ ಗಂಡ, ನನ್ನ ತಾತ, ನಲವತ್ತು ತುಂಬುವ ಮೊದಲೇ ಹೋಗಿದ್ದರು. ಆ ಸಾವಿಗೆ ತಮ್ಮದೇ ಯಾವುದೋ ಒಂದು ದಿನದ ಅಜಾಗರೂಕತೆ ಕಾರಣವೆಂದು ಅವರ ಅತ್ತೆ ಹೇಳಿದ್ದನ್ನು ಅಜ್ಜಿ ಜೀವಮಾನವಿಡೀ ನಂಬಿಕೊಂಡು ಬಂದಿದ್ದರು. ಅವರು ಕ್ರೂರಿಯಲ್ಲ, ಭಯಗೊಂಡವರು. ಆದರೆ ಭಯಗೊಂಡವರ ಕೈಯಲ್ಲಿ ಅಧಿಕಾರವಿದ್ದಾಗ ಅದರ ಕೆಳಗಿರುವವರಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಮೊದಲ ಸಲ ನಾನು ಮೂಲೆಯಲ್ಲಿ ಕೂತಾಗ ದೈವಾನೈ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಾ ಮಾತಾಡಿಸಿದಳು. ಅಜ್ಜಿ ಅವಳನ್ನೂ ಪ್ರತಿ ತಿಂಗಳು ದಿನ ಕೇಳುತ್ತಾರಾ ಎಂದೆ.

"ಕೇಳ್ತಾರೆ. ನಾನು ಏನೋ ಒಂದು ದಿನ ಹೇಳ್ತೀನಿ, ಮೂರು ದಿನ ಲೀವು ಸಿಗತ್ತೆ." ದನಿ ತಗ್ಗಿಸಿದಳು. "ನನಗೆ ಅದು ನಿಂತು ಎಂಟು ವರ್ಷ ಆಯ್ತು, ಪಾಪ್ಪಾ. ಕರ್ಪಪೈ ತೆಗೆದುಬಿಟ್ರು. ಹೊಟ್ಟೆನೋವು ಅಂತ ಹೋದೆ, ಗರ್ಭಕೋಶಾನೇ ತೆಗೆದ್ರು. ಇದನ್ನ ಪಾಟಿಯಮ್ಮನಿಗೆ, ನಿನ್ನ ಅಜ್ಜಿಗೆ, ಹೇಳ್ಬೇಡ, ನನ್ನ ಲೀವು ಹೋಗತ್ತೆ."

ಹೊಟ್ಟೆನೋವಿಗೆ ಬಂದ ಬಡ ಹೆಂಗಸಿನ ಗರ್ಭಕೋಶವನ್ನು ಕಾರಣವನ್ನೂ ತಿಳಿಸದೆ ತೆಗೆದುಹಾಕಿದ ಆ ವೈದ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆ ದಿನ ಮಾತ್ರ ನಾನು ನಕ್ಕೆ, ದೈವಾನೈಯೂ ನಕ್ಕಳು. ಅವಳು ನನ್ನ ಬಳಿ ಇಟ್ಟದ್ದು ಎಂಥ ಮಾತು ಎಂಬುದು ನನಗೆ ತಿಳಿದದ್ದು ಮುಂದಿನ ಬೇಸಿಗೆಯಲ್ಲಿ.

ಆ ಬೇಸಿಗೆಯಲ್ಲಿ ನಲವತ್ತೊಂದನೆಯ ಸಂಖ್ಯೆಯ ಗಿಡ ಮೊದಲ ಬಾರಿ ಹೂ ಬಿಟ್ಟಿತು. ಅಪ್ಪ ಅಷ್ಟರವರೆಗೆ ಪಡೆದ ಹೂಗಳಲ್ಲೆಲ್ಲ ಅದೇ ಅತ್ಯಂತ ತಿಳಿ. ಗಂಟಲಿನಲ್ಲಿ ಮಾತ್ರ ಹಳದಿ ಉಳಿದಿತ್ತು. ಎರಡು ಕಾಂಡಗಳಲ್ಲಿ ಐದು ಮೊಗ್ಗು ಒಂದೇ ದಿನ ಅರಳುವ ಲಕ್ಷಣ. ಅದಕ್ಕೆ ಒತ್ತಬೇಕಾದ ಪರಾಗವನ್ನು ಅಪ್ಪ ಒಂದು ವಾರದಿಂದ ಫಿಲ್ಮ್ ರೋಲಿನ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಹಿಂದೆ ಕಾಯುತ್ತಿದ್ದರು. ನನಗೆ ಆಗ ಎರಡನೆಯ ದಿನ. ಅಪ್ಪನ ಆಫೀಸಿನಲ್ಲಿ ತಪಾಸಣೆ, ಏಳಕ್ಕೇ ಹೊರಟರು. ಹೊರಡುವ ಮುನ್ನ ಮೂಲೆಯ ಕಡೆ ತಿರುಗದೆಯೇ, ಗೋಡೆಗೆ ಹೇಳುವಂತೆ ಹೇಳಿದರು:

"ಇವತ್ತು ದೈವಾನೈನೇ ಮಾಡಲಿ. ಚೀಟಿ ಬರೆದಿಟ್ಟಿದ್ದೀನಿ. ಎಂಟೂವರೆ ಒಳಗೆ ಮುಗೀಬೇಕು ಅಂತ ಹೇಳು."

ದೈವಾನೈ ಎಂಟಕ್ಕೆ ಬರಲಿಲ್ಲ. ಅವರ ಕೇರಿಗೆ ನೀರಿನ ಲಾರಿ ಎರಡು ದಿನಕ್ಕೊಮ್ಮೆ ಬರುತ್ತಿದ್ದ ಕಾಲ. ಲಾರಿ ಯಾವಾಗ ಬರುತ್ತದೋ ಆಗಲೇ ಅವರ ಬೆಳಗು. ಎಂಟೂಕಾಲಿಗೂ ಬರಲಿಲ್ಲ. ಅಮ್ಮ ಬಸ್ಸಿಗೆ ಓಡಿದಳು, ಅಜ್ಜಿ ದೇವರಮನೆಯ ಬಾಗಿಲು ಹಾಕಿಕೊಂಡರು. ಮೆಟ್ಟಿಲಿನ ಮೇಲಿನಿಂದ ಬಿಸಿಲು ಒಂದೊಂದೇ ಮೆಟ್ಟಿಲು ಇಳಿದು ನನ್ನ ಚಾಪೆಯತ್ತ ಬರುತ್ತಿತ್ತು. ನಾನು ಎದ್ದೆ. ಫ್ರಿಜ್ಜಿನ ಬಾಗಿಲು ತೆಗೆದೆ, ಡಬ್ಬಿ ಹಿಡಿದೆ, ಬರಿಗಾಲಿನಲ್ಲಿ ತಾರಸಿಗೆ ಹೋದೆ. ಗಾಳಿ ನಿಂತುಹೋಗಿತ್ತು. ಐದು ಹೂಗಳೂ ಪೂರ್ತಿ ತೆರೆದುಕೊಂಡು ನನ್ನ ಕಡೆಗೇ ಬಾಗಿದ್ದವು. ಐದಕ್ಕೂ ಪರಾಗ ಒತ್ತಿ ದಾರ ಕಟ್ಟಿದೆ. ಪಕ್ಕದಲ್ಲೇ ತುಳಸಿ ಕಟ್ಟೆ. ನನ್ನ ಲಂಗ ಅದಕ್ಕೆ ತಾಗಿತೋ ಇಲ್ಲವೋ ಇವತ್ತಿಗೂ ಹೇಳಲಾರೆ. ಅಂಥ ಶಾಲೆಯಲ್ಲಿ ಕಲಿತ ನಾನು ಅದನ್ನು ಗಮನಿಸಿದೆ ಎಂಬುದೇ, ಆ ಭಯ ನನ್ನೊಳಗೂ ಇಳಿದಿತ್ತು ಎಂಬುದಕ್ಕೆ ಸಾಕ್ಷಿ.

ಕೆಳಗಿಳಿಯುವಾಗ ದೈವಾನೈ ಹಿಂಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದಳು. ಮೇಲೆ ಹೋಗಿ ದಾರಗಳನ್ನು ನೋಡಿ ಬಂದಳು. ನನ್ನ ಬೆರಳುಗಳಲ್ಲಿದ್ದ ಹಳದಿಯನ್ನು ಒದ್ದೆ ಸೆರಗಿನಿಂದ ಒರೆಸಿದಳು.

"ಈ ಬೆರಳು ಪಾಟಿಯಮ್ಮನಿಗೆ ತೋರಿಸ್ಬೇಡ. ಹೋಗಿ ಕೂತ್ಕೋ."

ಆ ವಾರ ಪಡುವಣದಿಂದ ಬೆಂಕಿಯಂಥ ಗಾಳಿ ಬೀಸಿತು. ಐದು ಕಾಯಿಗಳಲ್ಲಿ ಒಂದರ ತೊಟ್ಟು ಹಳದಿಗೆ ತಿರುಗಿತು, ಮುಟ್ಟಿದೊಡನೆ ಉದುರಿತು. ಮರುದಿನ ಇನ್ನೆರಡು. ಬೆಳಿಗ್ಗೆ ಎದ್ದವಳೇ ನಾನು ಮೇಲೆ ಓಡಿ ಎಣಿಸುತ್ತಿದ್ದೆ. ಪ್ರತಿ ಸಲ ಎಣಿಸುವಾಗಲೂ ಯಾರೋ ನನ್ನ ಹಿಂದೆ ನಿಂತು ಎಣಿಸುತ್ತಿದ್ದಾರೆ ಅನ್ನಿಸುತ್ತಿತ್ತು. ನಾಲ್ಕನೆಯದು ಉದುರಿದ ದಿನ ತುಳಸಿಯ ಎಲೆಗಳು ಕಪ್ಪಾಗಿದ್ದವು. ಅಜ್ಜಿ ಆ ಕುಂಡದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಮೆಟ್ಟಿಲಿಳಿದು ಬಂದು, ಅಡಿಗೆಮನೆಯಲ್ಲಿ ಅಪ್ಪನ ರಕ್ತದೊತ್ತಡದ ಮಾತ್ರೆಗಳನ್ನು ಎಣಿಸಿ ನೋಡಿದರು. ಏನೋ ನಡೆಯಲಿದೆ ಎಂದು ನನಗೆ ಗೊತ್ತಾದದ್ದು ಆಗ.

ಅಂದು ಶನಿವಾರ, ಎಲ್ಲರೂ ಮನೆಯಲ್ಲಿದ್ದರು. ಹಿತ್ತಿಲ ಕಲ್ಲಿನ ಬಳಿ ಪಾತ್ರೆ ಬೆಳಗುತ್ತಿದ್ದ ದೈವಾನೈಯ ಮುಂದೆ ಅಜ್ಜಿ ಕುರ್ಚಿ ಹಾಕಿಸಿಕೊಂಡು ಕೂತರು. ಅಮ್ಮ ಬಾಗಿಲಲ್ಲಿ, ನಾನು ಅವಳ ಹಿಂದೆ. ಅಪ್ಪ ನೋಟುಪುಸ್ತಕ ಕಂಕುಳಲ್ಲಿಟ್ಟುಕೊಂಡು ತಾರಸಿಯಿಂದ ಇಳಿಯುತ್ತಿದ್ದವರು ಅರ್ಧ ಮೆಟ್ಟಿಲಲ್ಲೇ ನಿಂತರು.

"ಆವತ್ತು ನೀನು ದೂರ ಇದ್ದೆಯೇನೇ, ದೈವಾನೈ? ನಿಜ ಹೇಳು."

"ಯಾಕೆ ಪಾಟಿಯಮ್ಮಾ?"

"ನಾಲ್ಕು ಕಾಯಿ ಉದುರಿದೆ. ತುಳಸಿ ಕರಕಲಾಗಿದೆ. ಮುಟ್ಟಿದ್ದು ನಿನ್ನ ಕೈ ತಾನೆ?"

"ಬಿಸಿಲು ನೋಡಿದ್ರಾ? ನನ್ನ ತಲೇನೇ ಉದುರೋ ಹಾಗಿದೆ."

"ತಲೆಹರಟೆ ಬೇಡ. ಕೇಳಿದ್ದಕ್ಕೆ ಉತ್ತರ ಹೇಳು. ಇದ್ದೆಯೋ, ಇಲ್ಲವೋ?"

ದೈವಾನೈ ಕೈಯಲ್ಲಿದ್ದ ನಾರನ್ನು ಕೆಳಗಿಟ್ಟಳು. ನನಗೆ ಗರ್ಭಕೋಶವೇ ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಅವಳ ಮೇಲಿನ ಆರೋಪ ಅಲ್ಲೇ ಮುಗಿಯುತ್ತಿತ್ತು. ಆದರೆ ಆ ದಿನ ಆ ಮನೆಯಲ್ಲಿ ಮುಟ್ಟಾಗಿದ್ದವಳು ಇನ್ಯಾರು ಎಂಬ ಪ್ರಶ್ನೆ ಮರುಕ್ಷಣವೇ ಏಳುತ್ತಿತ್ತು. ಅವಳು ಅಮ್ಮನ ಭುಜದ ಮೇಲಿನಿಂದ ನನ್ನನ್ನು ನೋಡಿದಳು. ಬೇಡಿಕೆಯ ನೋಟವಲ್ಲ ಅದು. ನೀನು ಹೇಳುತ್ತೀಯೋ, ಇಲ್ಲವೋ ಎಂದು ತಿಳಿದುಕೊಳ್ಳುವ ನೋಟ. ಆಮೇಲೆ ಅಜ್ಜಿಯ ಕಡೆ ತಿರುಗಿದಳು.

"ನಾನು ಕೆಲಸಕ್ಕೆ ಬರ್ತೀನಿ ಪಾಟಿಯಮ್ಮಾ. ನನ್ನ ಮೈ ವಿಷಯ ಒಪ್ಪಿಸೋಕೆ ಬರೋಲ್ಲ."

"ಹಾಗಾದ್ರೆ ನಾಳೆಯಿಂದ ಬರಬೇಡ."

ಅಮ್ಮ ನಿಟ್ಟುಸಿರು ಬಿಟ್ಟಳು. ಅಪ್ಪ ಮೆಟ್ಟಿಲಿಳಿದು ಕೈ ತೊಳೆಯಲು ಹೋದರು. ನಾನು ಏನೂ ಹೇಳಲಿಲ್ಲ. ಹೊಡೆತದ ಭಯ ನನಗಿರಲಿಲ್ಲ, ನಮ್ಮ ಮನೆಯಲ್ಲಿ ಹೊಡೆಯುತ್ತಿರಲಿಲ್ಲ. ನನಗಿದ್ದದ್ದು ಅಪ್ಪನ ಪಕ್ಕದ ಆ ಬೆಳಗಿನ ಜಾಗ ಹೋಗುತ್ತದೆಂಬ ಭಯ; ಇನ್ನೆಂದೂ ಚಿಮುಟ ನನ್ನ ಕೈಗೆ ಬರುವುದಿಲ್ಲವೆಂಬ ಭಯ. ಇಷ್ಟು ಚಿಕ್ಕ ಸ್ವಾರ್ಥಕ್ಕಾಗಿ ಒಬ್ಬ ಹೆಂಗಸಿನ ಅನ್ನ ಹೋಗುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಉಳಿದ ಪಾತ್ರೆಗಳನ್ನು ದೈವಾನೈ ಬೆಳಗಿ, ತೊಳೆದು, ಬೋರಲು ಹಾಕಿ ಹೋದಳು. ಅಜ್ಜಿ ಭಜನಾ ಮಂಡಳಿಯಲ್ಲಿ ಈ ಸಂಗತಿಯನ್ನು ಹೇಳಿದರು; ನಮ್ಮ ಬೀದಿಯಲ್ಲಿ ಅವಳು ಕೆಲಸ ಮಾಡುತ್ತಿದ್ದ ಇನ್ನೂ ನಾಲ್ಕು ಮನೆಗಳು ಒಂದೇ ತಿಂಗಳಲ್ಲಿ ಅವಳನ್ನು ಬಿಡಿಸಿದವು.

ಐದನೆಯ ಕಾಯಿ ಉದುರಲಿಲ್ಲ. ಅದರಿಂದ ಒಂಬತ್ತು ಕರಿ ಬೀಜ ಸಿಕ್ಕವು, ಐದು ಮೊಳೆತವು, ಎರಡು ವರ್ಷದ ನಂತರ ಅವುಗಳಲ್ಲೊಂದು ಹೂ ಬಿಟ್ಟಿತು. ಬೆಳಗಿನ ನೆರಳಿನಲ್ಲಿ ಅದು ಬಿಳಿಯಾಗಿಯೇ ಕಂಡಿತು. ಅಪ್ಪ ಅಜ್ಜಿಯನ್ನು ಕೈಹಿಡಿದು ಮೇಲಕ್ಕೆ ಕರೆತಂದರು. ಅಜ್ಜಿ ಆ ಹೂವನ್ನು ನೋಡಿ ಕೈಮುಗಿದರು. "ಇದರ ತಂದೆ ತಾಯಿ ಯಾರು ನೋಡು ಪುಟ್ಟಿ," ಎಂದು ಅಪ್ಪ ನನ್ನನ್ನು ಹಳೆಯ ನೋಟುಪುಸ್ತಕ ತರಲು ಕಳಿಸಿದರು. ಪುಟ ಸಿಕ್ಕಿತು. ಐದು ಸಾಲುಗಳು, ಒಂದೇ ದಿನ. ‘ಕೈ’ ಎಂಬ ಕಾಲಂನಲ್ಲಿ ಐದೂ ಸಾಲಿಗೆ ಅಪ್ಪನ ದುಂಡಗಿನ ಅಕ್ಷರದಲ್ಲಿ ‘ರಂ’ ಎಂದಿತ್ತು.

ಅಜ್ಜಿ ಇಳಿದು ಹೋಗುವವರೆಗೆ ಕಾದೆ.

"ಅಪ್ಪಾ, ಇದನ್ನ ಯಾವಾಗ ಬರೆದ್ರಿ?"

"ಆವತ್ತೇ ಸಂಜೆ. ನಿನ್ನದು ಎಡಗೈ ಗಂಟು, ನೋಡಿದ್ರೆ ಗೊತ್ತಾಗಲ್ವಾ?"

"ಹಾಗಾದ್ರೆ ದೈವಾನೈನ ಕೇಳುವಾಗ ನಿಮಗೆ ಗೊತ್ತಿತ್ತು."

"ಹೇಳಿದ್ರೆ ನಿನ್ನ ಮೇಲೆ ಬರ್ತಿತ್ತು. ಅಜ್ಜಿಗೆ ಆ ವಯಸ್ಸಲ್ಲಿ ಆಘಾತ ಬೇರೆ. ಕಾಯಿ ಉದುರಿದ್ದು ಬಿಸಿಲಿಗೆ, ಅದು ನನಗೂ ಗೊತ್ತು." ಹೂವಿನ ಮೇಲಿಂದ ಅವರು ಕಣ್ಣು ತೆಗೆದಿರಲಿಲ್ಲ. "ಅವಳಿಗೆ ಬೇರೆ ಮನೆ ಸಿಕ್ಕಿರುತ್ತೆ ಬಿಡು."

"ಮತ್ತೆ ಇಲ್ಲಿ ಯಾಕೆ ನಿಜ ಬರೆದ್ರಿ?"

"ದಾಖಲೆ ಸರಿಯಾಗಿರಬೇಕಲ್ಲ," ಎಂದರು ಅಪ್ಪ.

ಅನ್ಯಾಯದ ಬಗ್ಗೆ ನಾನು ಆಮೇಲೆ ಅನೇಕ ವೇದಿಕೆಗಳಲ್ಲಿ ಮಾತಾಡಿದ್ದೇನೆ. ಮೂಢನಂಬಿಕೆಯನ್ನು ನಂಬುವವರಿಗಿಂತ, ಅದನ್ನು ನಂಬದೆಯೂ ಅದರ ನೆರಳಿನಲ್ಲಿ ತಣ್ಣಗೆ ಕೂರುವವರು ನನ್ನನ್ನು ಹೆಚ್ಚು ಹೆದರಿಸುತ್ತಾರೆ. ಆ ಬೆಳಿಗ್ಗೆ ಹಾಗೆ ಕೂತವರು ತಾರಸಿಯಲ್ಲಿ ಇಬ್ಬರಿದ್ದೆವು.

ದೈವಾನೈಯ ಮನೆ ಯಾವ ಸಾಲಿನಲ್ಲಿದೆ ಎಂದು ಆರು ವರ್ಷಗಳಲ್ಲಿ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಬೀದಿ ಕೊನೆಯ ಇಸ್ತ್ರಿ ಗಾಡಿಯ ಹೆಂಗಸಿನಿಂದ ತಿಳಿಯಿತು: ಅವಳು ತಿರುವೊಟ್ಟಿಯೂರಿಗೆ ಅಣ್ಣನ ಮನೆಗೆ ಮರಳಿದ್ದಾಳೆ, ಅಲ್ಲಿ ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಕೆಲಸ, ವಾರಕ್ಕೆ ಎರಡು ದಿನ ಮಾತ್ರ ಈ ಕಡೆ ಒಂದು ಮನೆಗೆ ಬರುತ್ತಾಳೆ. ಅವಳು ಬರುವ ದಿನ ನಾನು ಗಾಡಿಯ ಬಳಿ ಕಾದು ನಿಂತು, ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಸಿಗಡಿ ಸುಲಿದು ಅವಳ ಬೆರಳ ತುದಿಗಳು ಬಿಳಿಚಿ ಬಿರಿದಿದ್ದವು.

"ಹೇಳಿ ಆಯ್ತಾ?" ಎಂದಳು. "ನನಗೆ ಗೊತ್ತಿರೋದನ್ನ ನನಗೇ ಹೇಳಿದ್ರೆ ಏನು ಬಂತು? ಆ ನಾಲ್ಕು ಮನೇಲಿ ಹೇಳು."

ಹದಿನಾರು ವರ್ಷದ ನಾನು, ಪರರ ಮನೆ ಬಾಗಿಲಲ್ಲಿ ನಿಂತು ಎರಡು ವರ್ಷದ ಹಿಂದಿನ ನನ್ನ ಮುಟ್ಟಿನ ಬಗ್ಗೆ ಹೇಳಬೇಕಿತ್ತು. ಹೋದೆ. ದೈವಾನೈ ನನ್ನ ಪಕ್ಕದಲ್ಲಿ ಬಂದಳು. ಮೊದಲ ಮನೆಯವರು ತಮಗೆ ಈಗ ಬೇರೆಯವಳಿದ್ದಾಳೆ ಎಂದರು. ಎರಡನೆಯ ಮನೆಯಲ್ಲಿ ಇಂಥ ಮಾತನ್ನು ಹೊರಗೆ ಆಡಬಾರದೆಂದು ನನಗೆ ಬುದ್ಧಿ ಹೇಳಿ ಕಳಿಸಿದರು. ಮೂರನೆಯದು ಅಜ್ಜಿಯ ಭಜನೆಯ ಗೆಳತಿ ಲಲಿತಮ್ಮನ ಮನೆ, ಮಹಡಿಯ ಮೇಲೆ. ಅವರು ಪೂರ್ತಿ ಕೇಳಿಸಿಕೊಂಡರು. ನಂತರ ಸೆರಗನ್ನು ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಮತ್ತೆ ಇವತ್ತು?" ಎಂದು ಕೇಳಿದರು.

"ಇವತ್ತೂ ದೂರಾನೇ," ಎಂದು ನಾನು ಹೊಸ್ತಿಲ ಒಳಗೆ ಕಾಲಿಟ್ಟೆ.

ಬಾಗಿಲು ನನ್ನ ಭುಜಕ್ಕೆ ತಾಗಿ, ನನ್ನನ್ನು ಹೊರಗೆ ತಳ್ಳಿ ಮುಚ್ಚಿತು. ಒಳಗೆ ಫೋನಿನ ಗುಂಡಿ ಒತ್ತುವ ಸದ್ದು, ಆಮೇಲೆ ಲಲಿತಮ್ಮ ನನ್ನ ಅಜ್ಜಿಯ ಹೆಸರು ಹಿಡಿದು ಮಾತಾಡುವುದು ಕೇಳಿಸಿತು. ಮನೆಯಲ್ಲಿ ನನಗೆ ಏನು ಕಾದಿದೆ ಎಂಬುದು ಆಗಲೇ ತೀರ್ಮಾನವಾಗುತ್ತಿತ್ತು. ಮೆಟ್ಟಿಲಿನ ತಿರುವಿನಲ್ಲಿ ದೈವಾನೈ ನಿಂತಳು.

"ನಿಜಾನಾ?"

"ಇಲ್ಲ."

"ನಿನಗೆ ಕೋಪ ತೀರ್ತು. ನನಗೆ ಈ ಮನೆ ಹೋಯ್ತು." ಅವಳು ದನಿ ಏರಿಸಲಿಲ್ಲ. "ಮುಂದಿನ ಮನೇಲಿ ನಡೆದದ್ದು ಮಾತ್ರ ಹೇಳು. ನಿನ್ನ ಸ್ಕೂಲ್ ಮಾತೆಲ್ಲ ಬೇಡ."

ನಾಲ್ಕನೆಯ ಮನೆಯ ಬಾಗಿಲು ತೆರೆದದ್ದು ಕೈಯಲ್ಲಿ ಸೌಟು ಹಿಡಿದಿದ್ದ ಒಬ್ಬ ತಮಿಳು ಹೆಂಗಸು. ಆ ದಿನ ಹೂ ಮುಟ್ಟಿದವಳು ನಾನು, ದೂರ ಇದ್ದವಳೂ ನಾನು, ದೈವಾನೈ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದು ಹೇಳಿ ನಿಲ್ಲಿಸಿದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇದನ್ನ ಹೇಳೋಕೆ ಎರಡು ವರ್ಷ ಬೇಕಾಯ್ತಾ?" ಎಂದು ತಮಿಳಿನಲ್ಲಿ ಕೇಳಿದರು.

ಹೌದು ಎಂದೆ.

ಆಕೆ ಪಕ್ಕಕ್ಕೆ ಸರಿದು ದೈವಾನೈಗೆ ದಾರಿ ಬಿಟ್ಟರು. ದೈವಾನೈ ಚಪ್ಪಲಿ ಕಳಚಿ, ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ನನ್ನನ್ನು ಯಾರೂ ಕರೆಯಲಿಲ್ಲ. ನಾನು ಹೊರಗೇ ನಿಂತೆ.